ಹತ್ತು ವರ್ಷದ ತೆರಿಗೆ, ಆರು ವರ್ಷದ ಖರ್ಚು

ಬೆಂಗಳೂರಿನಲ್ಲಿ ಕೂತು ಅಮೆರಿಕದವರ ಆಸ್ಪತ್ರೆ ಖರ್ಚಿನ ಲೆಕ್ಕ ಹಾಕುವುದು ನನ್ನ ಕೆಲಸ. ಆಕ್ಚುರಿ ಅಂತಾರೆ. ಮುಂದಿನ ವರ್ಷ ಎಷ್ಟು ಜನ ಕಾಯಿಲೆ ಬೀಳಬಹುದು, ಎಷ್ಟು ಬಿಲ್ ಬರಬಹುದು, ಅದಕ್ಕೆ ಈಗ ಎಷ್ಟು ಪ್ರೀಮಿಯಂ ಇಡಬೇಕು ಅಂತ ಅಂದಾಜು ಮಾಡುವವರು ನಾವು. ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹಾವೇರಿ ಕಡೆಯ ಹುಡುಗನೊಬ್ಬ ಒಬಾಮಾಕೇರ್ (ಹೆಚ್ಚು ಜನಕ್ಕೆ ಆರೋಗ್ಯ ವಿಮೆ ಸಿಗಲಿ ಅಂತ ಒಬಾಮಾ ಸರ್ಕಾರ 2010ರಲ್ಲಿ ತಂದ ಕಾನೂನು) ಬಗ್ಗೆ ಓದಿಕೊಂಡು ಬಂದು ಕೇಳಿದ: "ಮೇಡಂ, ಆ ಕಾನೂನಿನಿಂದ ಸರ್ಕಾರಕ್ಕೆ ದುಡ್ಡು ಉಳೀತು ಅಂತ ಒಬ್ಬರು, ಖಜಾನೆ ಮುಳುಗ್ತು ಅಂತ ಇನ್ನೊಬ್ಬರು. ಇಬ್ಬರೂ ತೋರಿಸೋದು ಒಂದೇ ವರದಿ. ಯಾರ ಲೆಕ್ಕ ತಪ್ಪು?"

ಕೂಡಿ ಕಳೆದದ್ದರಲ್ಲಿ ಯಾರದೂ ತಪ್ಪಿಲ್ಲ ಅಂದೆ. ಅವನಿಗೆ ಸಮಾಧಾನ ಆಗಲಿಲ್ಲ. ಆಗಬಾರದು ಕೂಡ.

ಆ ವರದಿ ಬರೆದದ್ದು ಕಾಂಗ್ರೆಷನಲ್ ಬಜೆಟ್ ಆಫೀಸ್, ಅಂದರೆ ಸಿಬಿಒ. (ಅಲ್ಲಿ ಕಾಂಗ್ರೆಸ್ ಅಂದರೆ ಸಂಸತ್ತು, ಪಕ್ಷ ಅಲ್ಲ. ನಮ್ಮ ಮನೆಯಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೇನೋ!) 1974ರ ಕಾನೂನಿನಿಂದ ಹುಟ್ಟಿದ ಈ ಕಚೇರಿ ಯಾವ ಪಕ್ಷಕ್ಕೂ ಸೇರಿದ್ದಲ್ಲ. ಮಸೂದೆ ಕೊಟ್ಟರೆ, ಹತ್ತು ವರ್ಷದಲ್ಲಿ ಸರ್ಕಾರದ ಆದಾಯ ಎಷ್ಟು, ಖರ್ಚು ಎಷ್ಟು ಅಂತ ಲೆಕ್ಕ ಹಾಕಿ ಕೊಡುತ್ತದೆ. ಅದಕ್ಕೆ ಸ್ಕೋರ್ ಅಂತ ಹೆಸರು. 2010ರ ಮಾರ್ಚ್ 20ರಂದು ಸ್ಪೀಕರ್ ನ್ಯಾನ್ಸಿ ಪೆಲೋಸಿ ಅವರಿಗೆ ಬರೆದ ಪತ್ರದಲ್ಲಿ ಸಿಬಿಒ ಹೇಳಿದ್ದು: ಈ ಸುಧಾರಣೆಯಿಂದ 2010ರಿಂದ 2019ರವರೆಗೆ ಬಜೆಟ್ ಕೊರತೆ 143 ಬಿಲಿಯನ್ ಡಾಲರ್ ಕಡಿಮೆಯಾಗುತ್ತದೆ. ಒಂದು ಬಿಲಿಯನ್ ಅಂದರೆ ನೂರು ಕೋಟಿ. ಮಾರನೆಯ ದಿನವೇ ಕೆಳಮನೆಯಲ್ಲಿ 219-212 ಮತಗಳಿಂದ ಮಸೂದೆ ಪಾಸಾಯಿತು. ವಿರೋಧ ಪಕ್ಷದ ರಿಪಬ್ಲಿಕನ್ನರ ಒಂದು ಮತವೂ ಬೀಳಲಿಲ್ಲ.

ಆ 143ನ್ನು ಬಿಡಿಸಿ ನೋಡು ಅಂತ ಹುಡುಗನಿಗೆ ಹೇಳಿದೆ. ಅದರಲ್ಲಿ 19 ಬಿಲಿಯನ್ ಆರೋಗ್ಯಕ್ಕೆ ಸಂಬಂಧವೇ ಇಲ್ಲದ್ದು. ವಿದ್ಯಾರ್ಥಿ ಸಾಲದ ನಿಯಮ ಬದಲಿಸಿದ್ದರಿಂದ ಬಂದ ಉಳಿತಾಯ. ಅದನ್ನೂ ಇದೇ ಗಂಟಿನಲ್ಲಿ ಕಟ್ಟಿದ್ದರು. ಉಳಿದದ್ದು 124. ಅದರಲ್ಲಿ ಸುಮಾರು 70 ಬಿಲಿಯನ್ ಕ್ಲಾಸ್ ಅನ್ನುವ ಯೋಜನೆಯದು. ವಯಸ್ಸಾಗಿ ಅಥವಾ ಅಂಗವೈಕಲ್ಯ ಬಂದು ದಿನದ ಕೆಲಸಕ್ಕೂ ಇನ್ನೊಬ್ಬರು ಬೇಕಾದಾಗ ಹಣ ಕೊಡುವ ವಿಮೆ ಅದು. ಉದ್ದೇಶ ಒಳ್ಳೆಯದೇ. ಆದರೆ ಕನಿಷ್ಠ ಐದು ವರ್ಷ ಪ್ರೀಮಿಯಂ ಕಟ್ಟಿದ ಮೇಲೇ ಪರಿಹಾರ. ಹಾಗಾಗಿ ಹತ್ತು ವರ್ಷದ ಲೆಕ್ಕದಲ್ಲಿ ಬರುವುದು ಜಾಸ್ತಿ, ಹೋಗುವುದು ಕಡಿಮೆ. ಚೀಟಿ ನಡೆಸುವವರು ಐದು ವರ್ಷ ಬರೀ ಕಂತು ಕಟ್ಟಿಸಿಕೊಂಡು, ಯಾರೂ ಚೀಟಿ ಎತ್ತುವ ಮುಂಚೆ ಪೆಟ್ಟಿಗೆಯಲ್ಲಿರುವುದನ್ನೆಲ್ಲ ಲಾಭ ಅಂತ ಬರೆದುಕೊಂಡರೆ ಹೇಗಿರುತ್ತದೆ? ಹಾಗೆ. ಒಬಾಮಾ ಅವರದೇ ಡೆಮಾಕ್ರಾಟ್ ಪಕ್ಷದ ಸೆನೆಟರ್ ಕೆಂಟ್ ಕಾನ್ರಾಡ್ ಇದನ್ನು ಪೊಂಜಿ ಸ್ಕೀಮ್, ಅಂದರೆ ಹೊಸಬರ ದುಡ್ಡಲ್ಲಿ ಹಳಬರಿಗೆ ಕೊಡುವ ಮೋಸದ ಯೋಜನೆ, ಅಂತ ಕರೆದಿದ್ದರು.

ನನ್ನಂಥವರಿಗೆ ಇದರಲ್ಲಿ ಇನ್ನೊಂದು ಅಪಾಯವೂ ಕಾಣುತ್ತದೆ. ಸೇರುವುದು ಕಡ್ಡಾಯ ಅಲ್ಲ. ಕಾಯಿಲೆ ಇದ್ದವರನ್ನು ಬೇಡ ಅನ್ನುವ ಹಾಗೂ ಇಲ್ಲ. ಅಂದಮೇಲೆ ಗಟ್ಟಿಮುಟ್ಟಾಗಿರುವವರು ಯಾಕೆ ಸೇರುತ್ತಾರೆ? ಸೇರುವವರು ಬೇಗ ಹಣ ಬೇಕಾಗುವವರೇ. ಪ್ರೀಮಿಯಂ ಏರಿಸಬೇಕಾಗುತ್ತದೆ, ಏರಿಸಿದರೆ ಇನ್ನಷ್ಟು ಗಟ್ಟಿ ಜನ ಬಿಟ್ಟು ಹೋಗುತ್ತಾರೆ. ಮೆಡಿಕೇರ್‌ನ (ಮುಖ್ಯವಾಗಿ 65 ದಾಟಿದವರ ಸರ್ಕಾರಿ ವಿಮೆ ಅದು) ಮುಖ್ಯ ಆಕ್ಚುರಿ ರಿಚರ್ಡ್ ಫಾಸ್ಟರ್ ಇದನ್ನು ಮೊದಲೇ ಎಚ್ಚರಿಸಿದ್ದರು. ಕೊನೆಗೆ 2011ರ ಅಕ್ಟೋಬರ್‌ನಲ್ಲಿ ಒಬಾಮಾ ಸರ್ಕಾರವೇ ಇದನ್ನು ನಡೆಸಲು ಆಗುವುದಿಲ್ಲ ಅಂತ ಕೈಬಿಟ್ಟಿತು. 2013ರ ಜನವರಿಯಲ್ಲಿ ರದ್ದಾಯಿತು. 70 ಬಿಲಿಯನ್ ಉಳಿತಾಯ ಕಾಗದದಲ್ಲೇ ಉಳಿಯಿತು.

ಇನ್ನು ಮಸೂದೆಯೊಳಗೆ ಬಾರದೇ ಉಳಿದದ್ದು. ಮೆಡಿಕೇರ್ ಅಡಿ ವೈದ್ಯರಿಗೆ ಕೊಡುವ ಶುಲ್ಕವನ್ನು 1997ರ ಕಾನೂನಿನ ಸೂತ್ರದ ಪ್ರಕಾರ ದೊಡ್ಡದಾಗಿ ಕಡಿತ ಮಾಡಬೇಕಿತ್ತು. 2003ರಿಂದ ಕಡಿತದ ದಿನ ಹತ್ತಿರ ಬಂದಾಗಲೆಲ್ಲ ಸಂಸತ್ತು ಮುಂದೂಡುತ್ತಿತ್ತು. ಕಡಿತ ನಡೆಯುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೆ ಕಾನೂನಿನಲ್ಲಿ ಇದೆಯಲ್ಲ, ಸಿಬಿಒ ಅದನ್ನು ನಂಬಲೇಬೇಕು. ಆ ಸೂತ್ರವನ್ನು ಸರಿಪಡಿಸಲು ಹತ್ತು ವರ್ಷಕ್ಕೆ 200 ಬಿಲಿಯನ್‌ಗೂ ಜಾಸ್ತಿ ಬೇಕಿತ್ತು. ಮಸೂದೆಯೊಳಗೆ ಸೇರಿಸಿದ್ದರೆ 143ರ ಉಳಿತಾಯ ಕೊಚ್ಚಿಹೋಗುತ್ತಿತ್ತು. ಅದಕ್ಕೇ ಹೊರಗಿಟ್ಟರು. ಡೆಮಾಕ್ರಾಟರು ಹೇಳುತ್ತಿದ್ದದ್ದೂ ಸುಳ್ಳಲ್ಲ: ಇದು ಹಳೆಯ ಸಾಲ, ನಮ್ಮ ಸುಧಾರಣೆಯ ಖರ್ಚಿಗೆ ಯಾಕೆ ಬರೆಯುತ್ತೀರಿ? 2015ರಲ್ಲಿ ಆ ಸೂತ್ರವನ್ನು ಎರಡೂ ಪಕ್ಷ ಸೇರಿಯೇ ಕಿತ್ತುಹಾಕಿದವು.

ರಿಪಬ್ಲಿಕನ್ ಪಕ್ಷದ ಪಾಲ್ ರಯಾನ್ 2010ರ ಫೆಬ್ರವರಿಯಲ್ಲಿ ಒಬಾಮಾ ಎದುರಿಗೇ ಕೂತು ಹೇಳಿದ ಮಾತು ತುಂಬ ಓಡಾಡಿತು: ಹತ್ತು ವರ್ಷ ತೆರಿಗೆ ಏರಿಕೆ, ಹತ್ತು ವರ್ಷ ಮೆಡಿಕೇರ್ ಕಡಿತ, ಖರ್ಚು ಮಾತ್ರ ಆರು ವರ್ಷದ್ದು. ಕಾನೂನಿನ ದೊಡ್ಡ ಖರ್ಚು, ಅಂದರೆ ಜನ ವಿಮೆ ಕೊಳ್ಳಲು ಸರ್ಕಾರ ಕೊಡುವ ನೆರವು, ಶುರುವಾಗುವುದು 2014ರಲ್ಲಿ. ಆ ಮಟ್ಟಿಗೆ ಮಾತು ನಿಜ. ಆದರೆ ತೆರಿಗೆಗಳೂ ಎಲ್ಲ ಮೊದಲ ದಿನವೇ ಶುರುವಾಗಲಿಲ್ಲ. ಶ್ರೀಮಂತರ ಹೂಡಿಕೆ ಆದಾಯದ ಮೇಲಿನ 3.8% ತೆರಿಗೆ 2013ಕ್ಕೆ, ದುಬಾರಿ ವಿಮೆಗಳ ಮೇಲಿನ 40% ತೆರಿಗೆ 2018ಕ್ಕೆ. ಮೊದಲ ಹತ್ತು ವರ್ಷದ ಆಟ ಅಷ್ಟೇ ಆಗಿದ್ದರೆ ಎರಡನೆಯ ಹತ್ತು ವರ್ಷದಲ್ಲಿ ಕೊರತೆ ಏರಬೇಕಿತ್ತು. ಆಗಲೂ ಇಳಿಯುತ್ತದೆ ಅಂತಲೇ ಸಿಬಿಒ ಹೇಳಿತ್ತು. ಅದರಲ್ಲಿ ಆ 40% ತೆರಿಗೆಯ ಪಾತ್ರ ದೊಡ್ಡದು. ಅದೇನಾಯಿತು ಅಂತೀರಾ? 2020ಕ್ಕೆ ಮುಂದೂಡಿದರು, ಆಮೇಲೆ 2022ಕ್ಕೆ. 2019ರ ಡಿಸೆಂಬರ್‌ನಲ್ಲಿ ತೆಗೆದೇ ಹಾಕಿದರು. ಒಂದು ಡಾಲರ್ ವಸೂಲಾಗಲಿಲ್ಲ. ಕಾರ್ಮಿಕ ಸಂಘಗಳಿಗೂ ಬೇಡ, ಕಂಪನಿಗಳಿಗೂ ಬೇಡವಾಗಿದ್ದ ತೆರಿಗೆ ಅದು.

ಅಂದಾಜು ಹಾಕುವವರ ಪಾಡು ಏನು ಅಂತ ತಿಳಿಯಬೇಕಾದರೆ ಅದೇ ಫಾಸ್ಟರ್ ಅವರ ಹಿಂದಿನ ಕತೆ ಕೇಳಬೇಕು. 2003ರಲ್ಲಿ ಬುಷ್ ಸರ್ಕಾರ ಮೆಡಿಕೇರ್‌ಗೆ ಔಷಧಿ ಖರ್ಚನ್ನೂ ಸೇರಿಸಲು ಹೊರಟಿತ್ತು. ಸಿಬಿಒ ಅಂದಾಜು ಹತ್ತು ವರ್ಷಕ್ಕೆ 395 ಬಿಲಿಯನ್. ಫಾಸ್ಟರ್ ಲೆಕ್ಕ ಅದಕ್ಕಿಂತ ತುಂಬ ಜಾಸ್ತಿ. ಸಂಸತ್ತಿಗೆ ಅದನ್ನು ಕೊಟ್ಟರೆ ಕೆಲಸ ಹೋಗುತ್ತದೆ ಅಂತ ಅವರಿಗೆ ಬೆದರಿಕೆ ಬಂತು. ಕೆಳಮನೆಯಲ್ಲಿ ಬೆಳಗಿನ ಜಾವ ಶುರುವಾದ ಮತದಾನವನ್ನು ಸುಮಾರು ಮೂರು ಗಂಟೆ ಎಳೆದು, 220-215ರಲ್ಲಿ ಗೆಲ್ಲಿಸಿಕೊಂಡರು. ಎರಡೇ ತಿಂಗಳಲ್ಲಿ ಸರ್ಕಾರ ತನ್ನ ಅಂದಾಜು 534 ಬಿಲಿಯನ್ ಅಂತ ಒಪ್ಪಿಕೊಂಡಿತು. ಆದರೆ ನಿಜವಾದ ಖರ್ಚು ಎರಡೂ ಅಂದಾಜಿಗಿಂತ ಕೆಳಗೇ ನಿಂತಿತು. ಅಗ್ಗದ ಜೆನೆರಿಕ್ ಮಾತ್ರೆಗಳ ಬಳಕೆ ಹೆಚ್ಚಿತು, ಸೇರಿದವರೂ ಎಣಿಸಿದಷ್ಟು ಇರಲಿಲ್ಲ. ಈ ಕತೆ ಹೇಳಿದಾಗ ಹುಡುಗ ನಕ್ಕ. ನನಗೆ ನಗು ಬರುವುದಿಲ್ಲ. ಲೆಕ್ಕ ಆಮೇಲೆ ತಪ್ಪುವುದು ಬೇರೆ, ಬೀಗ ಹಾಕಿ ಇಡುವುದು ಬೇರೆ.

ಸ್ಕೋರ್ ಹಿಡಿಸಿದರೆ ಸಿಬಿಒ ದೇವರು, ಹಿಡಿಸದಿದ್ದರೆ ದಂಡ. 2011ರ ಜನವರಿಯಲ್ಲಿ ಒಬಾಮಾಕೇರ್ ರದ್ದು ಮಾಡಿದರೆ ಕೊರತೆ 230 ಬಿಲಿಯನ್ ಏರುತ್ತದೆ ಅಂತ ಸಿಬಿಒ ಅಂದಾಗ, ಅದು ಅವರ ಅಭಿಪ್ರಾಯ ಅಂದುಬಿಟ್ಟರು ರಿಪಬ್ಲಿಕನ್ ಪಕ್ಷದ ಸ್ಪೀಕರ್ ಜಾನ್ ಬೇನರ್. 2017ರಲ್ಲಿ ರಿಪಬ್ಲಿಕನ್ನರ ಬದಲಿ ಮಸೂದೆಯಿಂದ 2026ರ ಹೊತ್ತಿಗೆ ವಿಮೆ ಇಲ್ಲದವರು 2.4 ಕೋಟಿ ಹೆಚ್ಚಾಗುತ್ತಾರೆ ಅಂತ ವರದಿ ಬಂತು. ಶ್ವೇತಭವನ ಅದನ್ನು ನಂಬಬೇಡಿ ಅಂದಿತು. ಆಗಿನ ಸಿಬಿಒ ಮುಖ್ಯಸ್ಥ ಕೀತ್ ಹಾಲ್ ಅವರನ್ನು ಆರಿಸಿದ್ದು ರಿಪಬ್ಲಿಕನ್ನರೇ! ಕೊರತೆ 337 ಬಿಲಿಯನ್ ಇಳಿಯುತ್ತದೆ ಅನ್ನುವ ಸಾಲೂ ಅದೇ ವರದಿಯಲ್ಲಿತ್ತು. ಅದಕ್ಕೆ ಮಾತ್ರ ಅವರ ತಕರಾರು ಇರಲಿಲ್ಲ.

ಹುಡುಗನಿಗೆ ಕೊನೆಗೂ ವಿಷಯ ಹೊಳೆದದ್ದು ಬಾಡಿಗೆ ಕರಾರಿನಿಂದ. ಬೆಂಗಳೂರಿನಲ್ಲಿ ಮನೆ ಕರಾರು ಹನ್ನೊಂದು ತಿಂಗಳದ್ದು, ಅಲ್ವಾ? ಮುಂದಿನ ವರ್ಷದ ಮನೆ ಖರ್ಚು ಬರೆಯುತ್ತೀಯ ಅಂದುಕೋ. ಕರಾರಿನಲ್ಲಿ ಬರೆದಿರುವಂತೆ ಹೋದರೆ ಹನ್ನೆರಡನೇ ತಿಂಗಳಿಂದ ಬಾಡಿಗೆ ಸೊನ್ನೆ. ಮುಂದುವರಿಸಿದರೆ ಅದು ಹೊಸ ಖರ್ಚು. ಹೇಗಿದ್ದರೂ ಅದೇ ಮನೆಯಲ್ಲಿರುತ್ತೇನಲ್ಲ ಅಂತ ಹೋದರೆ ಬಾಡಿಗೆ ಆಗಲೇ ಲೆಕ್ಕದಲ್ಲಿದೆ, ಮುಂದುವರಿಸುವುದಕ್ಕೆ ಹೊಸ ಖರ್ಚಿಲ್ಲ. ಓನರ್‌ಗೆ ಕೊಡುವ ದುಡ್ಡು ಎರಡರಲ್ಲೂ ಒಂದೇ. ಎಲ್ಲಿಂದ ಎಣಿಸಲು ಶುರುಮಾಡುತ್ತೀಯ ಅನ್ನುವುದಕ್ಕೆ ಬೇಸ್‌ಲೈನ್ ಅಂತಾರೆ.

2025ರಲ್ಲಿ ವಾಷಿಂಗ್ಟನ್ನಿನಲ್ಲಿ ಇಂಥ ಎರಡು ಕರಾರು ಒಂದೇ ದಿನ, ಡಿಸೆಂಬರ್ 31ಕ್ಕೆ, ಮುಗಿಯುತ್ತಿದ್ದವು. ಒಂದು, ಟ್ರಂಪ್ ಸರ್ಕಾರ 2017ರಲ್ಲಿ ತಂದ ವೈಯಕ್ತಿಕ ತೆರಿಗೆ ಕಡಿತ. ಇನ್ನೊಂದು, ಬೈಡನ್ ಕಾಲದಲ್ಲಿ ವಿಮೆ ಕೊಳ್ಳುವವರಿಗೆ ಹೆಚ್ಚಿಸಿದ ನೆರವು. ಎರಡಕ್ಕೂ ಗಡುವು ಇಟ್ಟದ್ದು ಸ್ಕೋರ್ ಚಿಕ್ಕದಾಗಿ ಕಾಣಲಿ ಅಂತಲೇ. ಈ ಚಾಲಾಕಿನಲ್ಲಿ ಪಕ್ಷಭೇದ ಇಲ್ಲ. ತೆರಿಗೆ ಕಡಿತ ಮುಂದುವರಿಸಲು 3 ಲಕ್ಷ ಕೋಟಿ ಡಾಲರ್‌ಗೂ ಜಾಸ್ತಿ ಬೇಕಿತ್ತು. ಸೆನೆಟ್‌ನ ರಿಪಬ್ಲಿಕನ್ನರು ಅದು ಹೇಗೂ ಈಗ ಇರುವ ಕಡಿತವೇ ಅಂತ ಬೇಸ್‌ಲೈನ್ ಬದಲಿಸಿ ಸೊನ್ನೆ ಬರೆದರು. ವಿಮೆಯ ನೆರವಿಗೆ ಹಳೆಯ ಬೇಸ್‌ಲೈನೇ ಉಳಿಯಿತು: ಖಾಯಂ ಮಾಡಿದರೆ ಹತ್ತು ವರ್ಷಕ್ಕೆ 350 ಬಿಲಿಯನ್ ಹೊಸ ಖರ್ಚು. ಆ ಜಗಳದಲ್ಲಿ ಖರ್ಚಿನ ಮಸೂದೆ ಪಾಸಾಗದೆ ಅಮೆರಿಕ ಸರ್ಕಾರದ ಎಷ್ಟೋ ಕಚೇರಿಗಳು 43 ದಿನ ಬಾಗಿಲು ಹಾಕಿದವು.

ನಮ್ಮ ತಂಡ ಆ ವರ್ಷ 2026ರ ದರಪಟ್ಟಿಯನ್ನು ಎರಡು ಥರ ಮಾಡಿತ್ತು. ನೆರವು ಇದ್ದರೆ ಒಂದು, ನಿಂತರೆ ಇನ್ನೊಂದು. ಎರಡನೆಯದರಲ್ಲಿ ದರ ಜಾಸ್ತಿ. ನೆರವು ನಿಂತರೆ ಮೊದಲು ವಿಮೆ ಬಿಡುವವರು ಆರೋಗ್ಯವಾಗಿರುವವರು. ಉಳಿದವರ ಬಿಲ್ ಉಳಿದವರೇ ಹೊರಬೇಕು. ಡಿಸೆಂಬರ್ 31 ಕಳೆಯಿತು, ಆ ನೆರವು ನಿಂತಿತು, ಎರಡನೆಯ ಪಟ್ಟಿಯೇ ನಿಜವಾಯಿತು. ಮೊದಲನೆಯದನ್ನು ಡಿಲೀಟ್ ಮಾಡಲಾ ಅಂತ ಹುಡುಗ ಕೇಳಿದ. ಇರಲಿ ಬಿಡು ಅಂದೆ.