ಬೆಂಗಳೂರು–ಮೈಸೂರು ಉಪನಗರ ರೈಲು: ದರದ ಗೆರೆ ಎಲ್ಲಿ ಬೀಳಬೇಕು?

ಬೆಂಗಳೂರಿನ ಉಪನಗರ ರೈಲನ್ನು ಮೈಸೂರಿನವರೆಗೆ ವಿಸ್ತರಿಸಬೇಕೆಂಬ ಮಾತು ಕೇಳಿಬಂದಾಗಲೆಲ್ಲ ಚರ್ಚೆಯು ವೇಗ, ನಿಲ್ದಾಣ ಮತ್ತು ಯಾರು ಹಣ ಹಾಕಬೇಕೆಂಬ ವಿಚಾರಗಳ ಸುತ್ತಲೇ ಸುತ್ತಿ ಮುಗಿಯುತ್ತದೆ. ಟಿಕೆಟ್ ದರವನ್ನು ಹೇಗೆ ಲೆಕ್ಕ ಹಾಕಬೇಕು, ದರವಲಯಗಳ, ಅಂದರೆ ಟಿಕೆಟ್ ದರಕ್ಕಾಗಿ ಮಾರ್ಗವನ್ನು ವಿಂಗಡಿಸಿದ ಭಾಗಗಳ, ಗಡಿ ಎಲ್ಲಿ ಬೀಳಬೇಕು ಎಂಬುದನ್ನು ರೈಲು ಓಡುವ ಹೊತ್ತಿಗೆ ನೋಡಿಕೊಂಡರಾಯಿತು ಎಂದು ಬದಿಗಿಡಲಾಗುತ್ತದೆ. ಮಂಡ್ಯ ಜಿಲ್ಲೆಯ ಮಟ್ಟಿಗಂತೂ ಇದು ಬದಿಗಿಡಬಹುದಾದ ಪ್ರಶ್ನೆಯಲ್ಲ. ಸುಮಾರು 138 ಕಿಲೋಮೀಟರ್ ಉದ್ದದ ಈ ಮಾರ್ಗದ ಎರಡು ತುದಿಗಳಲ್ಲಿ ಎರಡು ದೊಡ್ಡ ನಗರಗಳಿವೆ. ನಡುವೆ ಮದ್ದೂರು, ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣಗಳಿವೆ, ಅಲ್ಲಿಯ ಜನ ಎರಡೂ ಕಡೆಗೆ ಪ್ರಯಾಣ ಮಾಡುತ್ತಾರೆ, ತಮ್ಮ ತಮ್ಮ ಊರುಗಳ ನಡುವೆಯೂ ಓಡಾಡುತ್ತಾರೆ. ದರದ ಗೆರೆಯನ್ನು ಬೆಂಗಳೂರಿನಲ್ಲಿ ಕುಳಿತು ಬೆಂಗಳೂರಿನಿಂದಲೇ ಅಳೆದು ಎಳೆದರೆ ಈ ನಡುವಿನ ಊರುಗಳಿಗೆ ನ್ಯಾಯ ಸಿಗುವುದಿಲ್ಲ.

ಈ ಹಳಿಗಳ ಹುಟ್ಟು ಧಾತು–ಈಶ್ವರ ಸಂವತ್ಸರಗಳ, ಅಂದರೆ 1876–78ರ ಮಹಾ ಬರದೊಂದಿಗೆ ಬೆಸೆದುಕೊಂಡಿದೆ. ಹಸಿದ ಜನರಿಗೆ ಕೂಲಿ ಒದಗಿಸಲು ಕೈಗೊಂಡ ಪರಿಹಾರ ಕಾಮಗಾರಿಗಳಲ್ಲಿ ಬೆಂಗಳೂರು–ಮೈಸೂರು ಮೀಟರ್‌ಗೇಜ್ ಮಾರ್ಗವೂ ಸೇರಿತ್ತು, 1880ರ ದಶಕದ ಆರಂಭದಲ್ಲಿ ಅದರ ಮೇಲೆ ರೈಲು ಓಡಿತು. 1891ರಲ್ಲಿ ಮಾರ್ಗ ನಂಜನಗೂಡಿಗೆ, 1926ರಲ್ಲಿ ಚಾಮರಾಜನಗರಕ್ಕೆ ಬೆಳೆಯಿತು. ಬೆಂಗಳೂರು–ಮೈಸೂರು ನಡುವೆ ಬ್ರಾಡ್‌ಗೇಜ್ ಬಂದದ್ದು 1990ರ ದಶಕದಲ್ಲಿ. ಜೋಡಿಮಾರ್ಗ ಪೂರ್ಣವಾಗಲು ಇನ್ನೂ ಎರಡು ದಶಕ ಬೇಕಾಯಿತು, ಏಕೆಂದರೆ ಶ್ರೀರಂಗಪಟ್ಟಣದಲ್ಲಿ ಎರಡನೆಯ ಹಳಿ ಹಾದುಹೋಗಬೇಕಾದ ಜಾಗದಲ್ಲೇ ಟಿಪ್ಪುವಿನ ಕಾಲದ ಮದ್ದುಗುಂಡಿನ ಮನೆಯಿತ್ತು. ಕೊನೆಗೆ 2017ರಲ್ಲಿ ಆ ಇಟ್ಟಿಗೆ ಗಾರೆಯ ಕಟ್ಟಡವನ್ನು ಒಡೆಯದೆ, ಅಡಿಪಾಯದಿಂದ ಬಿಡಿಸಿ, ಹೈಡ್ರಾಲಿಕ್ ಜಾಕ್‌ಗಳ ಮೇಲೆ ಎತ್ತಿ, ನೂರು ಮೀಟರಿನಷ್ಟು ಆಚೆಗೆ ಇಡಿಯಾಗಿ ಸಾಗಿಸಲಾಯಿತು. ಜೋಡಿಮಾರ್ಗ ಮತ್ತು ವಿದ್ಯುದೀಕರಣ ಎರಡೂ ಕೈಗೂಡಿದ ಮೇಲೆ ಮೆಮು ರೈಲುಗಳು, ಅಂದರೆ ಸಣ್ಣ ನಿಲ್ದಾಣಗಳಲ್ಲೂ ನಿಲ್ಲುವ ವಿದ್ಯುತ್ ರೈಲುಗಳು, ಬಂದವು. ಉಪನಗರ ರೈಲು ಎಂಬ ಹೆಸರಿಲ್ಲದಿದ್ದರೂ ಆ ಕೆಲಸವನ್ನು ಈಗ ಮಾಡುತ್ತಿರುವುದು ಇವೇ ರೈಲುಗಳು.

ಹಳಿಗಿಂತಲೂ ಹೆಚ್ಚಾಗಿ ಈ ಮಾರ್ಗದ ದಿನನಿತ್ಯದ ಪ್ರಯಾಣವನ್ನು ರೂಪಿಸಿದ್ದು ಒಂದು ದರ ನಿಯಮ ಎಂಬುದನ್ನು ಗಮನಿಸಬೇಕು. ಭಾರತೀಯ ರೈಲ್ವೆಯು ತಿಂಗಳ ಸೀಸನ್ ಟಿಕೆಟನ್ನು, ನಮ್ಮ ಆಡುಮಾತಿನ ಪಾಸನ್ನು, 150 ಕಿಲೋಮೀಟರ್ ದೂರದವರೆಗೆ ಕೊಡುತ್ತದೆ. ಎರಡನೇ ದರ್ಜೆಯ ಪಾಸಿನ ಬೆಲೆ ಸುಮಾರು 15 ಒಂಟಿ ಪ್ರಯಾಣಗಳ ದರಕ್ಕೆ ಸಮ. ಬೆಂಗಳೂರು–ಮೈಸೂರು ದೂರ ಆ ಮಿತಿಯೊಳಗೇ ಬರುತ್ತದೆ, ಮಂಡ್ಯವಂತೂ ಬೆಂಗಳೂರಿನಿಂದ ಸುಮಾರು 93, ಮೈಸೂರಿನಿಂದ ಸುಮಾರು 45 ಕಿಲೋಮೀಟರ್ ದೂರದಲ್ಲಿ ಎರಡಕ್ಕೂ ಸಲ್ಲುವಂತೆ ನಿಂತಿದೆ. ಕಚೇರಿ ನೌಕರರು, ಕಾರ್ಖಾನೆಯ ಕೆಲಸಗಾರರು, ವಿದ್ಯಾರ್ಥಿಗಳು ಊರು ಬಿಡದೆ ನಗರದಲ್ಲಿ ದುಡಿಯಲು, ಓದಲು ಸಾಧ್ಯವಾದದ್ದರ ಹಿಂದೆ ಈ ಪಾಸಿನ ಲೆಕ್ಕವಿದೆ. 2014ರ ಜೂನ್‌ನಲ್ಲಿ ಪಾಸಿನ ಲೆಕ್ಕವನ್ನು 15ರಿಂದ 30 ಪ್ರಯಾಣಗಳಿಗೆ ಏರಿಸುವ ಪ್ರಕಟಣೆ ಹೊರಬಿತ್ತು, ದೇಶದಾದ್ಯಂತ ವಿರೋಧ ಬಂದದ್ದರಿಂದ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಅದು ಜಾರಿಗೆ ಬಂದಿದ್ದರೆ ಮಂಡ್ಯದ ಎಷ್ಟೋ ಮನೆಗಳ ತಿಂಗಳ ಖರ್ಚಿನ ಪಟ್ಟಿಯನ್ನೇ ಹೊಸದಾಗಿ ಬರೆಯಬೇಕಾಗುತ್ತಿತ್ತು.

ಕನಿಷ್ಠ ದರದ ಏರಿಳಿತವೂ ಹೀಗೆಯೇ ಪಾಠ ಕಲಿಸಿದೆ. ಕೋವಿಡ್ ನಂತರ ಪ್ಯಾಸೆಂಜರ್ ಮತ್ತು ಮೆಮು ರೈಲುಗಳನ್ನು ವಿಶೇಷ ಎಕ್ಸ್‌ಪ್ರೆಸ್ ಎಂಬ ಹಣೆಪಟ್ಟಿಯಡಿ ಓಡಿಸಿದಾಗ ಕನಿಷ್ಠ ದರ 10 ರೂಪಾಯಿಯಿಂದ 30 ರೂಪಾಯಿಗೆ ಏರಿತು, 2024ರ ಫೆಬ್ರವರಿ ಕೊನೆಯಲ್ಲಷ್ಟೇ ಅದು ಮೊದಲಿನ ಮಟ್ಟಕ್ಕೆ ಇಳಿಯಿತು. ಬೆಂಗಳೂರಿಗೆ ಹೋಗುವವರಿಗಿಂತ ಇದು ಹೆಚ್ಚು ತಟ್ಟಿದ್ದು ಸಣ್ಣ ದೂರದವರಿಗೆ. ಮಂಡ್ಯದಿಂದ ಪಕ್ಕದ ಹನಕೆರೆಗೋ ಯಲಿಯೂರಿಗೋ ಹೋಗುವವರು ಅದೇ ರೈಲು, ಅದೇ ಸೀಟು, ಅದೇ ನಿಧಾನಕ್ಕೆ ಮೂರು ಪಟ್ಟು ಕೊಡಬೇಕಾಯಿತು. ದರ ವ್ಯವಸ್ಥೆಯಲ್ಲಿ ಯಾವ ಬದಲಾವಣೆಯಾದರೂ ಮೊದಲು ಹೊಡೆತ ಬೀಳುವುದು ಸಣ್ಣ ದೂರದ ಪ್ರಯಾಣಿಕರಿಗೆ.

ಇನ್ನು ಯೋಜನೆಯ ಕಥೆ. ಬೆಂಗಳೂರಿಗೆ ಉಪನಗರ ರೈಲು ಬೇಕೆಂಬ ಪ್ರಸ್ತಾಪ 1983ರಷ್ಟು ಹಳೆಯದು. 2012ರಲ್ಲಿ ರೈಲ್ವೆಯ ಸಲಹಾ ಸಂಸ್ಥೆಯಾದ ರೈಟ್ಸ್ ಸಿದ್ಧಪಡಿಸಿದ ವರದಿಯು ಸುಮಾರು 440 ಕಿಲೋಮೀಟರ್ ಜಾಲವನ್ನು ಸೂಚಿಸಿತ್ತು, ಅದರಲ್ಲಿ ಮಂಡ್ಯದವರೆಗಿನ ಮಾರ್ಗವೂ ಇತ್ತು. 2018ರ ಕೇಂದ್ರ ಬಜೆಟ್ಟಿನಲ್ಲಿ ಸುಮಾರು 160 ಕಿಲೋಮೀಟರಿಗೆ 17,000 ಕೋಟಿ ರೂಪಾಯಿಯ ಯೋಜನೆ ಘೋಷಣೆಯಾಯಿತು. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು 148 ಕಿಲೋಮೀಟರ್, 15,767 ಕೋಟಿ ರೂಪಾಯಿಯ ಯೋಜನೆಯನ್ನು. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂಬ ಅದರ ನಾಲ್ಕು ಮಾರ್ಗಗಳಲ್ಲಿ ನಮ್ಮ ದಿಕ್ಕಿಗೆ ಬರುವುದು ಪಾರಿಜಾತ ಮಾತ್ರ, ಅದು ಕೆಂಗೇರಿಯಲ್ಲಿ ನಿಲ್ಲುತ್ತದೆ. ಹೀಗೆ ಎಂಟು ವರ್ಷಗಳಲ್ಲಿ ಮಂಡ್ಯ ನಕ್ಷೆಯಿಂದ ಹೊರಗುಳಿಯಿತು. ಮುಂದೆ 2023ರಲ್ಲಿ ಯೋಜನೆಯ ಹೊಣೆ ಹೊತ್ತ ಕೆ-ರೈಡ್ ಸಂಸ್ಥೆ ಮೈಸೂರೂ ಸೇರಿದಂತೆ ಸುತ್ತಲಿನ ಪಟ್ಟಣಗಳಿಗೆ 452 ಕಿಲೋಮೀಟರ್ ವಿಸ್ತರಣೆಯ ಪೂರ್ವ ಅಧ್ಯಯನಕ್ಕೆ ಅನುಮತಿ ಕೇಳಿತು, ರೈಲ್ವೆ ಒಪ್ಪಲಿಲ್ಲ. ಅಧ್ಯಯನಕ್ಕೇ ಅನುಮತಿ ಸಿಗದಿದ್ದುದು ನನಗೆ ಇಂದಿಗೂ ಬೇಸರದ ಸಂಗತಿ, ಏಕೆಂದರೆ ಯಾರು ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಎಂಬ ಲೆಕ್ಕ ಸಿಗುವುದು ಅಂತಹ ಅಧ್ಯಯನದಿಂದ, ದರವಲಯ ನಿಲ್ಲಬೇಕಾದದ್ದು ಆ ಲೆಕ್ಕದ ಮೇಲೆ.

ದರ ನಿಗದಿಗೆ ಲೋಕದಲ್ಲಿ ಬಳಕೆಯಲ್ಲಿರುವ ಬಗೆಗಳು ಹೆಚ್ಚಿಲ್ಲ. ಎಷ್ಟು ದೂರ ಹೋದರೂ ಒಂದೇ ದರ ಎಂಬುದು ಒಂದು. ದೂರಕ್ಕೆ ತಕ್ಕಂತೆ ಹಂತ ಹಂತವಾಗಿ ಏರುವುದು ಇನ್ನೊಂದು, ನಮ್ಮ ಸಾರಿಗೆ ಬಸ್ಸುಗಳ ಸ್ಟೇಜ್ ಲೆಕ್ಕ ಈ ಬಗೆಯದು. ಪ್ರದೇಶವನ್ನು ವಲಯಗಳಾಗಿ ವಿಂಗಡಿಸಿ, ದಾಟಿದ ವಲಯಗಳ ಸಂಖ್ಯೆಗೆ ತಕ್ಕಂತೆ ದರ ವಸೂಲು ಮಾಡುವುದು ಮೂರನೆಯದು. ಲಂಡನ್ 1980ರ ದಶಕದ ಆರಂಭದಲ್ಲಿ ವಲಯ ಪದ್ಧತಿಗೆ ಬಂದು, 1983ರಲ್ಲಿ ಬಸ್ಸಿಗೂ ಭೂಗತ ರೈಲಿಗೂ ಸಲ್ಲುವ ಒಂದೇ ಪಾಸನ್ನು ತಂದಿತು. ನಗರದ ನಡುಭಾಗವನ್ನು ಕೇಂದ್ರವಾಗಿಟ್ಟುಕೊಂಡು ಉಂಗುರಗಳಂತೆ ಹೊರಚಾಚುವ ವಲಯಗಳು ಅಲ್ಲಿಗೆ ಒಪ್ಪುತ್ತವೆ, ಅಲ್ಲಿರುವುದು ಒಂದೇ ಕೇಂದ್ರ. ಸಿಂಗಪುರ 2010ರಲ್ಲಿ ಬಸ್ಸು, ರೈಲು ಎಷ್ಟು ಬದಲಾಯಿಸಿದರೂ ಒಟ್ಟು ದೂರಕ್ಕಷ್ಟೇ ದರ ಎಂಬ ನಿಯಮವನ್ನು ತಂದಿತು.

ವಲಯಗಳ ಗಡಿ ತಪ್ಪಾಗಿ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮೆಟ್ರೋ ಹತ್ತಿರದ ಉದಾಹರಣೆ. ದರ ನಿಗದಿ ಸಮಿತಿಯ ಶಿಫಾರಸಿನಂತೆ 2025ರ ಫೆಬ್ರವರಿ 9ರಿಂದ ನಮ್ಮ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಜನರ ಕೋಪಕ್ಕೆ ಗರಿಷ್ಠ ದರವೊಂದೇ ಕಾರಣವಾಗಿರಲಿಲ್ಲ. ಮೊದಲಿದ್ದ ಸಣ್ಣ ಸಣ್ಣ ಹಂತಗಳನ್ನು ಒಟ್ಟುಗೂಡಿಸಿ ಹತ್ತು ವಲಯಗಳನ್ನು ಮಾಡಿದ್ದರಿಂದ, 2 ಕಿಲೋಮೀಟರ್‌ವರೆಗೆ 10 ರೂಪಾಯಿ, 4ರವರೆಗೆ 20, 6ರವರೆಗೆ 30 ಎಂಬಂತೆ ದರ ದೊಡ್ಡ ಮೆಟ್ಟಿಲುಗಳಲ್ಲಿ ಏರತೊಡಗಿತು. ಗಡಿಯಿಂದ ತುಸುವೇ ಆಚೆಗಿದ್ದ ನಿಲ್ದಾಣದವರು ಸಾಸಿವೆಯಷ್ಟು ದೂರಕ್ಕೆ ಇಡೀ ಮೆಟ್ಟಿಲಿನ ಹಣ ತೆರಬೇಕಾಯಿತು, ಕೆಲವು ನಿಲ್ದಾಣಗಳ ನಡುವೆ ದರ ಬಹುತೇಕ ದುಪ್ಪಟ್ಟಾಯಿತು. ಪ್ರತಿಭಟನೆಯ ನಂತರ ಕೆಲವೇ ದಿನಗಳಲ್ಲಿ, ಯಾವ ಎರಡು ನಿಲ್ದಾಣಗಳ ನಡುವೆಯೂ ಏರಿಕೆ ಶೇಕಡ 71ನ್ನು ಮೀರದಂತೆ ತಿದ್ದುಪಡಿಯಾಯಿತು. ಸರಾಸರಿ ಏರಿಕೆಯ ಲೆಕ್ಕ ಸರಿಯಾಗಿದ್ದರೂ ಗಡಿಯಲ್ಲಿ ನಿಂತವರಿಗೆ ಅನ್ಯಾಯವಾಗಬಹುದು.

ಇದನ್ನೇ ನಮ್ಮ ಮಾರ್ಗಕ್ಕೆ ಅನ್ವಯಿಸಿ ನೋಡೋಣ. ಬೆಂಗಳೂರಿನಿಂದ ಅಳೆದು 25 ಕಿಲೋಮೀಟರಿಗೊಂದು ವಲಯ ಮಾಡಿದರೆಂದು ಇಟ್ಟುಕೊಳ್ಳಿ. 75ರ ಗಡಿ ಮದ್ದೂರಿನ ಬಳಿ ಬೀಳುತ್ತದೆ. 125ರ ಗಡಿ ಶ್ರೀರಂಗಪಟ್ಟಣದ ಬಳಿ ಬೀಳುತ್ತದೆ. ನಡುವೆ 100ರ ಗಡಿ ಮಂಡ್ಯವನ್ನು ಪಾಂಡವಪುರದಿಂದ ಬೇರೆ ಮಾಡುತ್ತದೆ. ಮದ್ದೂರಿನಿಂದ ಜಿಲ್ಲಾ ಕೇಂದ್ರಕ್ಕೆ ಬರುವ ರೈತರು, ಶ್ರೀರಂಗಪಟ್ಟಣದಿಂದ ಹದಿನಾಲ್ಕು ಕಿಲೋಮೀಟರ್ ದೂರದ ಮೈಸೂರಿಗೆ ಹೋಗುವ ಕಾಲೇಜು ಹುಡುಗಿ, ಇಬ್ಬರೂ ಎರಡೆರಡು ವಲಯಗಳ ದರ ಕೊಡಬೇಕಾದೀತು. ಅಷ್ಟೇ ದೂರವನ್ನು ಒಂದೇ ವಲಯದೊಳಗೆ ಕ್ರಮಿಸುವ ಕೆಂಗೇರಿಯ ಪ್ರಯಾಣಿಕರಿಗೆ ಒಂದೇ ವಲಯದ ದರ ಬೀಳುತ್ತದೆ. ಗಡಿಯನ್ನು ಜಿಲ್ಲೆಯ ಎಲ್ಲೆಗೆ ಸರಿಸಿದರೂ ಸಮಸ್ಯೆ ತೀರುವುದಿಲ್ಲ, ಶ್ರೀರಂಗಪಟ್ಟಣ ಆಡಳಿತಕ್ಕೆ ಮಂಡ್ಯದ್ದಾದರೂ ನಿತ್ಯದ ಬದುಕಿಗೆ ಮೈಸೂರಿನದೇ.

ಹೆದ್ದಾರಿಯ ಟೋಲ್ ಈ ತೊಂದರೆಯನ್ನು ಈಗಾಗಲೇ ಕಣ್ಣಿಗೆ ಕಾಣುವಂತೆ ಮಾಡಿದೆ. 2023ರ ಮಾರ್ಚ್ 12ರಂದು ಮದ್ದೂರಿನ ಬಳಿ ಉದ್ಘಾಟನೆಯಾದ ದಶಪಥ ಹೆದ್ದಾರಿಯಲ್ಲಿ ಬಿಡದಿ ಬಳಿಯ ಕಣಿಮಿಣಿಕೆ ಮತ್ತು ಶ್ರೀರಂಗಪಟ್ಟಣ ಬಳಿಯ ಗಣಂಗೂರಿನಲ್ಲಿ ಟೋಲ್ ಕೇಂದ್ರಗಳಿವೆ. ಗಣಂಗೂರನ್ನು ದಾಟಿ ಹತ್ತು ಕಿಲೋಮೀಟರ್ ಹೋಗುವ ಕಾರಿಗೂ ಇಡೀ ಹಂತವನ್ನು ಬಳಸುವ ಕಾರಿಗೂ ಶುಲ್ಕ ಒಂದೇ. ಕೇಂದ್ರ ಎಲ್ಲಿ ಕೂರುತ್ತದೆ ಎಂಬುದು ಯಾರ ಜೇಬಿಗೆ ಕತ್ತರಿ ಬೀಳುತ್ತದೆ ಎಂಬುದನ್ನು ನಿರ್ಧರಿಸಿತು, ಸುತ್ತಲಿನವರು ಸರ್ವಿಸ್ ರಸ್ತೆಗೆ ಇಳಿದರು. ರಸ್ತೆಗಾದರೆ ಸರ್ವಿಸ್ ರಸ್ತೆ ಇದೆ, ರೈಲಿಗೆ ಅಂತಹ ಪರ್ಯಾಯವಿಲ್ಲ.

ಆದ್ದರಿಂದ ಈ ಮಾರ್ಗಕ್ಕೆ ಉಂಗುರದ ವಲಯಗಳಿಗಿಂತ ಸಣ್ಣ ಹಂತಗಳಲ್ಲಿ ಏರುವ ದೂರದ ದರವೇ ಸರಿ ಎಂಬುದು ನನ್ನ ಅಭಿಪ್ರಾಯ. ಹಂತಗಳು ಐದೈದು ಕಿಲೋಮೀಟರಿನವಾಗಿರಲಿ, ದೂರ ಹೆಚ್ಚಿದಂತೆ ಕಿಲೋಮೀಟರಿನ ದರ ಇಳಿಯಲಿ. ವಲಯ ಬೇಕೇ ಬೇಕೆಂದಾದರೆ ಲಂಡನ್ನಿನಲ್ಲಿರುವಂತೆ ಗಡಿಯ ನಿಲ್ದಾಣಗಳನ್ನು ಎರಡೂ ವಲಯಗಳಿಗೆ ಸೇರಿಸಿ, ಯಾವ ಕಡೆಗೆ ಹೋಗುವವರಿಗೂ ಅಗ್ಗದ ಲೆಕ್ಕವೇ ಅನ್ವಯವಾಗುವಂತೆ ಮಾಡಬೇಕು. ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳಿಗೆ ಈ ಸವಲತ್ತು ಸಲ್ಲಲೇಬೇಕು. ತಿಂಗಳ ಪಾಸಿನ ಈಗಿನ ಅನುಪಾತವನ್ನು ಹೊಸ ರೈಲಿನಲ್ಲೂ ಉಳಿಸಿಕೊಳ್ಳಬೇಕು. ಪ್ರತ್ಯೇಕ ಹಳಿಯ ಮೇಲೆ ಓಡುವ ವೇಗದ ರೈಲಿಗೆ ಖರ್ಚು ಹೆಚ್ಚು ಎಂಬುದು ನಿಜ. 2023ರ ಅಕ್ಟೋಬರ್‌ನಲ್ಲಿ ಮೊದಲ ಹಂತ ಆರಂಭಿಸಿದ, ಒಟ್ಟು 82 ಕಿಲೋಮೀಟರಿನ ದೆಹಲಿ–ಮೀರತ್ ನಮೋ ಭಾರತ್ ಮಾರ್ಗದಲ್ಲಿ ಕನಿಷ್ಠ ದರವೇ 20 ರೂಪಾಯಿ. ಅದೇ ಮಾದರಿಯನ್ನು ಇಲ್ಲಿಗೆ ತಂದು, ಮೆಮು ರೈಲುಗಳನ್ನು ಕಡಿಮೆ ಮಾಡಿದರೆ ಹನಕೆರೆಯಂತಹ ನಿಲ್ದಾಣಗಳಿಗೆ ವೇಗದ ರೈಲೂ ನಿಲ್ಲದು, ಅಗ್ಗದ ರೈಲೂ ಸಿಗದು.

ಬಸ್ಸನ್ನು ಬಿಟ್ಟು ಈ ಲೆಕ್ಕ ಪೂರ್ಣವಾಗುವುದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದರವಿಲ್ಲ, 2025ರ ಜನವರಿಯಲ್ಲಿ ಬಸ್ ದರ ಶೇಕಡ 15ರಷ್ಟು ಏರಿದ್ದು ಗಂಡಸರಿಗಷ್ಟೇ ತಟ್ಟಿತು. ಹಾಗಾಗಿ ಉಪನಗರ ರೈಲಿಗೆ ಎಷ್ಟು ಜನ ಬರುತ್ತಾರೆಂದು ಅಂದಾಜು ಮಾಡುವವರು ಪ್ರಯಾಣಿಕರಲ್ಲಿ ಅರ್ಧದಷ್ಟು ಮಂದಿಗೆ ಎದುರಿನ ಆಯ್ಕೆಯ ಬೆಲೆ ಸೊನ್ನೆ ಎಂಬುದನ್ನು ಮರೆಯುವಂತಿಲ್ಲ. ಇನ್ನೊಂದೆಡೆ, ಪಾಂಡವಪುರದ ರೈಲು ನಿಲ್ದಾಣ ಊರಿನಿಂದ ಕೆಲವು ಕಿಲೋಮೀಟರ್ ದೂರದಲ್ಲಿದೆ. ಅಲ್ಲಿಂದ ಮೈಸೂರಿಗೆ ಹೋಗುವವರು ಮೊದಲು ಬಸ್ಸನ್ನೋ ಆಟೋವನ್ನೋ ಹಿಡಿದು ನಿಲ್ದಾಣ ಸೇರಿ, ಮೈಸೂರಿನಲ್ಲಿ ಇಳಿದ ಮೇಲೆ ಮತ್ತೆ ನಗರ ಬಸ್ ಹತ್ತಬೇಕು. ಮೂರು ಕಡೆಯೂ ಕನಿಷ್ಠ ದರ ಕೊಟ್ಟು ಹೋಗುವುದಕ್ಕಿಂತ ಊರಿನ ಬಸ್ ನಿಲ್ದಾಣದಲ್ಲೇ ಹತ್ತಿ ಮೈಸೂರಿನ ಗ್ರಾಮಾಂತರ ಬಸ್ ನಿಲ್ದಾಣದಲ್ಲಿ ಇಳಿಯುವುದೇ ಮೇಲೆಂದು ಯಾರಿಗಾದರೂ ಅನಿಸುವುದು ಸಹಜ. ಬಸ್ಸಿಗೂ ರೈಲಿಗೂ ಒಂದೇ ಟಿಕೆಟ್ ಇಲ್ಲದೆ ವಲಯ ಹೇಗೆ ಎಳೆದರೂ ಈ ಪ್ರಯಾಣಿಕರು ರೈಲಿನ ಕಡೆ ಬರುವುದಿಲ್ಲ.

ಒಂದೇ ಟಿಕೆಟ್ಟಿಗೆ ಅಡ್ಡಿಯಾಗಿರುವುದು ತಂತ್ರಜ್ಞಾನವಲ್ಲ. ದೇಶದಾದ್ಯಂತ ಸಲ್ಲಬೇಕಾದ ಸಾಮಾನ್ಯ ಸಂಚಾರ ಕಾರ್ಡು 2019ರಲ್ಲೇ ಬಂದಿದೆ, ಬಸ್ ಬರುವ ಹೊತ್ತನ್ನು ತಿಳಿಸುವ ಮಿತ್ರ ವ್ಯವಸ್ಥೆಯನ್ನು ಮೈಸೂರಿನ ನಗರ ಬಸ್ಸುಗಳಿಗೆ 2012ರಲ್ಲೇ ಅಳವಡಿಸಲಾಗಿತ್ತು. ಅಡ್ಡಿ ಇರುವುದು ಅಧಿಕಾರದ ಹಂಚಿಕೆಯಲ್ಲಿ. ರೈಲ್ವೆ ದರವನ್ನು 1989ರ ರೈಲ್ವೆ ಕಾಯ್ದೆಯಡಿ ಕೇಂದ್ರ ಸರ್ಕಾರ ನಿಗದಿ ಮಾಡುತ್ತದೆ. ಮೆಟ್ರೋ ದರಕ್ಕೆ 2002ರ ಕಾಯ್ದೆಯಡಿ ಸಮಿತಿ ಬೇಕು. ಬಸ್ ದರ ರಾಜ್ಯ ಸರ್ಕಾರದ ಕೈಯಲ್ಲಿದೆ. ಇವನ್ನು ಒಂದೆಡೆ ಕೂರಿಸಲೆಂದು ಬೆಂಗಳೂರಿಗೆ ಭೂ ಸಾರಿಗೆ ಪ್ರಾಧಿಕಾರದ ಕಾಯ್ದೆ 2022ರಲ್ಲಿ ಬಂತು, ಅದರ ವ್ಯಾಪ್ತಿ ಬೆಂಗಳೂರು ಮಹಾನಗರ ಪ್ರದೇಶಕ್ಕೆ ಸೀಮಿತ. ಮೈಸೂರು–ಮಂಡ್ಯ ಭಾಗದ ಪರವಾಗಿ ಮಾತನಾಡಲು ಅಂತಹ ವೇದಿಕೆ ಇಲ್ಲ.

ಮೈಸೂರು ಜಂಕ್ಷನ್ನಿಗೆ ಬೆಂಗಳೂರಿನ ಹಳಿಯ ಜೊತೆಗೆ ಇನ್ನೆರಡು ಮಾರ್ಗಗಳಿವೆ ಎಂಬುದನ್ನೂ ಯೋಜನೆ ಮಾಡುವವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದು ಅಶೋಕಪುರಂ, ಕಡಕೊಳ, ತಾಂಡವಪುರಗಳ ಮೂಲಕ ನಂಜನಗೂಡಿಗೆ, ಅಲ್ಲಿಂದ ಚಾಮರಾಜನಗರಕ್ಕೆ ಸಾಗುತ್ತದೆ. ಇನ್ನೊಂದು ಬೆಳಗೊಳ, ಕೃಷ್ಣರಾಜಸಾಗರ, ಕೆ.ಆರ್. ನಗರಗಳ ಮೂಲಕ ಅರಸೀಕೆರೆಯ ಕಡೆಗೆ ಹೋಗುತ್ತದೆ. ಬೆಂಗಳೂರಿನ ಕೆಲವು ರೈಲುಗಳು ಈಗಾಗಲೇ ಅಶೋಕಪುರಂವರೆಗೆ ಓಡುತ್ತಿವೆ. ಮಂಡ್ಯದಿಂದ ನಂಜನಗೂಡಿನ ಕಾರ್ಖಾನೆಗಳಿಗೆ ನೇರ ರೈಲು ಓಡಿಸಿ, ಮೈಸೂರಿನಲ್ಲಿ ಲೆಕ್ಕ ಮುರಿಯದೆ ಒಟ್ಟು ದೂರಕ್ಕೆ ಒಂದೇ ದರ ಪಡೆಯುವುದಕ್ಕೆ ಹೊಸ ಹಳಿ ಹಾಕುವ ಅಗತ್ಯವೂ ಇಲ್ಲ. ವಿಸ್ತರಣೆಯ ಅಧ್ಯಯನಕ್ಕೆ ಮುಂದೆ ಅನುಮತಿ ದೊರೆತಾಗ ಅದರ ಕಾರ್ಯಸೂಚಿಯಲ್ಲಿ ಮಾರ್ಗ ನಕ್ಷೆಯ ಜೊತೆಗೇ ದರದ ಪಟ್ಟಿಯೂ ಇರಬೇಕು. ಬೆಂಗಳೂರಿಗೆ ಎಷ್ಟು ಎಂಬುದಷ್ಟೇ ಅಲ್ಲದೆ, ಪ್ರತಿ ನಿಲ್ದಾಣದಿಂದ ಪ್ರತಿ ನಿಲ್ದಾಣಕ್ಕೆ ದರವೆಷ್ಟು, ಪಾಸಿಗೆಷ್ಟು ಎಂಬುದನ್ನು ಆ ಪಟ್ಟಿ ತೋರಿಸಬೇಕು. ಅದನ್ನು ಮಂಡ್ಯ, ಮೈಸೂರಿನ ಜನರ ಮುಂದಿಟ್ಟು ಆಕ್ಷೇಪಣೆ ಕೇಳಿದ ಮೇಲೆಯೇ ಸಮಗ್ರ ಯೋಜನಾ ವರದಿ ಸರ್ಕಾರಕ್ಕೆ ಹೋಗಬೇಕು.