ಅಶ್ವಶಕ್ತಿಯಿಂದ ಟೆರಾವ್ಯಾಟ್‌ವರೆಗೆ: ಜಗತ್ತಿನ ಶಕ್ತಿಯ ಲೆಕ್ಕ ಎಲ್ಲಿ ಎಡವುತ್ತದೆ?

‘ಅಶ್ವಶಕ್ತಿ’ ಎಂಬ ಪದದಲ್ಲೇ ಗೊಂದಲವಿದೆ. ಹೆಸರಿನಲ್ಲಿ ಶಕ್ತಿ ಇದ್ದರೂ ಅದು ಅಳೆಯುವುದು ಸಾಮರ್ಥ್ಯವನ್ನು, ಅಂದರೆ ಶಕ್ತಿ ಎಷ್ಟು ಬೇಗ ಖರ್ಚಾಗುತ್ತಿದೆ ಎಂಬುದನ್ನು. ಶಕ್ತಿಯ ಅಳತೆ ಜೌಲ್. ಸೆಕೆಂಡಿಗೆ ಒಂದು ಜೌಲ್ ಖರ್ಚಾದರೆ ಒಂದು ವ್ಯಾಟ್.

ಈ ಅಳತೆ ಹುಟ್ಟಿದ್ದು ವ್ಯಾಪಾರದ ಅಗತ್ಯಕ್ಕೆ. 1780ರ ದಶಕದಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರವನ್ನು, ಅದುವರೆಗೆ ಕುದುರೆ ಕಟ್ಟಿ ಗಾಣ ತಿರುಗಿಸುತ್ತಿದ್ದವರಿಗೂ ಮಾರಬೇಕಿತ್ತು. ‘ಇದು ಎಷ್ಟು ಕುದುರೆಗೆ ಸಮ’ ಎಂಬ ಪ್ರಶ್ನೆಗೆ ಅವನು ಕೊಟ್ಟ ಉತ್ತರ: ನಿಮಿಷಕ್ಕೆ 33,000 ಪೌಂಡ್ ಭಾರವನ್ನು ಒಂದು ಅಡಿ ಎತ್ತಿದರೆ ಒಂದು ಅಶ್ವಶಕ್ತಿ. ಇಂದಿನ ಲೆಕ್ಕದಲ್ಲಿ ಸುಮಾರು 746 ವ್ಯಾಟ್. ಸಾಮಾನ್ಯ ಕುದುರೆ ಇಡೀ ದಿನ ಅಷ್ಟು ಎಳೆಯಲಾರದು. ಮೆಟ್ರಿಕ್ ಅಶ್ವಶಕ್ತಿ ಬೇರೆಯೇ, 735.5 ವ್ಯಾಟ್; ಮೋಟಾರಿನ ಪಟ್ಟಿಯಲ್ಲಿ ಯಾವುದೆಂದು ನೋಡಿಕೊಳ್ಳಬೇಕು. ‘ವ್ಯಾಟ್’ ಎಂಬ ಹೆಸರನ್ನು ವಿಲಿಯಂ ಸೀಮೆನ್ಸ್ ಸೂಚಿಸಿದ್ದು 1882ರಲ್ಲಿ.

ಅದೇ ಹೊತ್ತಿಗೆ ವಿದ್ಯುತ್ ಮಾರಾಟದ ಸರಕಾಯಿತು. ಎಡಿಸನ್‌ನ ಮೊದಲ ಮೀಟರಿನಲ್ಲಿ ಮುಳ್ಳಾಗಲೀ ಅಂಕಿಯಾಗಲೀ ಇರಲಿಲ್ಲ. ಗಾಜಿನ ಪಾತ್ರೆ, ಅದರಲ್ಲಿ ಸತುವಿನ ಸಲ್ಫೇಟ್ ದ್ರಾವಣ, ಮುಳುಗಿದ ಎರಡು ಸತುವಿನ ತಗಡು. ಮನೆಗೆ ಹರಿಯುವ ವಿದ್ಯುತ್ತಿನ ಸಣ್ಣ ಪಾಲು ಇದರ ಮೂಲಕ ಹಾದು, ಒಂದು ತಗಡಿನ ಸತುವು ಕರಗಿ ಇನ್ನೊಂದಕ್ಕೆ ಅಂಟಿಕೊಳ್ಳುತ್ತಿತ್ತು. ಆಮೇಲೆ ತಗಡು ಬಿಚ್ಚಿ ತೂಗಿ ಬಿಲ್ ಬರೆಯಬೇಕು. ಚಳಿಗೆ ದ್ರಾವಣ ಹೆಪ್ಪುಗಟ್ಟದಿರಲಿ ಎಂದು ಪೆಟ್ಟಿಗೆಯೊಳಗೆ ಒಂದು ಬಲ್ಬೂ ಇರುತ್ತಿತ್ತು. ನಿಜವಾದ ಕೊರತೆ ಬೇರೆ: ಅದು ಅಳೆದದ್ದು ಹರಿದ ವಿದ್ಯುದಾವೇಶವನ್ನು ಮಾತ್ರ. ವೋಲ್ಟೇಜ್ ಏರುಪೇರಾದರೆ ಬಿಲ್ ಸುಳ್ಳಾಗುತ್ತಿತ್ತು. ಎಸಿ, ಅಂದರೆ ಮತ್ತೆ ಮತ್ತೆ ದಿಕ್ಕು ಬದಲಿಸುವ ವಿದ್ಯುತ್, ಬಂದಾಗ ಅಂಟಿದ ಸತುವು ಮರುಕ್ಷಣವೇ ಹಿಂದಕ್ಕೆ ಹೋಗಿ ಮೀಟರ್ ಉಪಯೋಗಕ್ಕೆ ಬಾರದಾಯಿತು.

1889ರಲ್ಲಿ ಹಂಗೇರಿಯ ಓಟ್ಟೋ ಬ್ಲಾತಿ ರೂಪಿಸಿದ ಇಂಡಕ್ಷನ್ ಮೀಟರ್ ಆ ತೊಡಕು ಬಿಡಿಸಿತು. ಈ ಬಗೆಯ ಮೀಟರಿನಲ್ಲಿ ವೋಲ್ಟೇಜಿಗೊಂದು, ಕರೆಂಟಿಗೊಂದು ಸುರುಳಿ. ಎರಡೂ ಸೇರಿ ಬಿಲ್ಲೆಯನ್ನು ತಿರುಗಿಸುತ್ತವೆ. ಅಂಚಿನಲ್ಲಿರುವ ಕಾಂತ ಅದಕ್ಕೆ ಬ್ರೇಕ್; ಆ ಕಾಂತವಿಲ್ಲದಿದ್ದರೆ ಬಿಲ್ಲೆಯ ವೇಗ ಏರುತ್ತಲೇ ಹೋಗುತ್ತದೆ. ಮೀಟರ್ ಮೇಲೆ ಯೂನಿಟ್ಟಿಗೆ 600 ಸುತ್ತು ಎಂದಿದ್ದು, ಒಂದು ಸುತ್ತಿಗೆ 12 ಸೆಕೆಂಡ್ ಹಿಡಿದರೆ, ಒಂದು ಯೂನಿಟ್ಟಿನ 36,00,000 ಜೌಲನ್ನು 600×12ರಿಂದ ಭಾಗಿಸಿ: ಆ ಕ್ಷಣದ ಬಳಕೆ 500 ವ್ಯಾಟ್. ಮಿನುಗುವ ದೀಪದ ಮೀಟರಿಗೂ ಇದೇ ಸೂತ್ರ, ಸುತ್ತಿನ ಬದಲು ಮಿನುಗು. ಯೂನಿಟ್ ಎಂದರೆ ಒಂದು ಕಿಲೋವ್ಯಾಟ್-ಗಂಟೆ, ಅಂದರೆ 36 ಲಕ್ಷ ಜೌಲ್. ‘ಗಂಟೆಗೆ ಇಷ್ಟು ಕಿಲೋವ್ಯಾಟ್’ ಎಂದು ಬರೆಯುವುದು ತಪ್ಪು. ಕಿಲೋವ್ಯಾಟ್ ಎಂದಾಗಲೇ ವೇಗ ಅದರಲ್ಲಿ ಬಂದಿರುತ್ತದೆ.

ಈಗ ಜಗತ್ತಿನ ಮೊತ್ತ. ವರ್ಷದ ಪ್ರಾಥಮಿಕ ಶಕ್ತಿ, ಅಂದರೆ ಕಲ್ಲಿದ್ದಲು, ತೈಲ, ಅನಿಲ ಎಲ್ಲವೂ ಸೇರಿ, ಸುಮಾರು 600 ಎಕ್ಸಾಜೌಲ್. ಆರರ ಮುಂದೆ ಇಪ್ಪತ್ತು ಸೊನ್ನೆ ಹಾಕಿದಷ್ಟು ಜೌಲ್. ವರ್ಷದ 3.15 ಕೋಟಿ ಸೆಕೆಂಡಿನಿಂದ ಭಾಗಿಸಿದರೆ ಸರಾಸರಿ 19 ಟೆರಾವ್ಯಾಟ್ (ಒಂದು ಟೆರಾವ್ಯಾಟ್ ಎಂದರೆ ಲಕ್ಷ ಕೋಟಿ ವ್ಯಾಟ್). 800 ಕೋಟಿ ಜನರಿಗೆ ಹಂಚಿದರೆ ತಲೆಗೆ ಸುಮಾರು 2,400 ವ್ಯಾಟ್. ದಿನಕ್ಕೆ 2,000 ಕಿಲೋಕ್ಯಾಲರಿ ತಿನ್ನುವ ದೇಹ ನಡೆಯುವುದು ಸುಮಾರು 100 ವ್ಯಾಟ್‌ನಲ್ಲಿ.

ಆದರೆ ಈ 600 ಅಳೆದು ಬಂದದ್ದಲ್ಲ, ಕೂಡಿಸಿ ಬಂದದ್ದು. ಕೂಡಿಸುವ ನಿಯಮ ಬದಲಾದರೆ ಮೊತ್ತವೂ ಬದಲಾಗುತ್ತದೆ. ಒಂದು ಪದ್ಧತಿಯಲ್ಲಿ ಅಣುಸ್ಥಾವರದ ಒಂದು ಯೂನಿಟ್ ವಿದ್ಯುತ್ತಿಗೆ ಅದರ ಹಿಂದಿನ ಶಾಖವನ್ನು, ಸುಮಾರು ಮೂರು ಯೂನಿಟ್, ಲೆಕ್ಕಕ್ಕೆ ಹಿಡಿಯುತ್ತಾರೆ. ಜಲವಿದ್ಯುತ್ತಿನ ಒಂದು ಯೂನಿಟ್ ಒಂದೇ ಆಗಿ ಉಳಿಯುತ್ತದೆ. ಹೀಗಾಗಿ ಹೆಚ್ಚು ವಿದ್ಯುತ್ ಕೊಡುವ ಜಲಸ್ಥಾವರಗಳು ಆ ಕೋಷ್ಟಕದಲ್ಲಿ ಅಣುಶಕ್ತಿಗಿಂತ ಕೆಳಗೆ ಕೂರುತ್ತವೆ. ಇನ್ನೊಂದು ಪದ್ಧತಿಯಲ್ಲಿ ಜಲ, ಗಾಳಿ, ಸೌರ ವಿದ್ಯುತ್ತನ್ನೂ, ಇಂಧನ ಸುಟ್ಟು ಉತ್ಪಾದಿಸಿದ್ದರೆ ಬೇಕಾಗುತ್ತಿದ್ದಷ್ಟಕ್ಕೆ ಹಿಗ್ಗಿಸುತ್ತಾರೆ. ನೈಸರ್ಗಿಕ ಅನಿಲದಲ್ಲಂತೂ, ಉರಿದಾಗ ಹುಟ್ಟುವ ನೀರಾವಿಯ ಶಾಖವನ್ನು ಸೇರಿಸುವುದೋ ಬಿಡುವುದೋ ಎಂಬುದರಿಂದಲೇ ಸುಮಾರು ಶೇ 10ರ ವ್ಯತ್ಯಾಸ.

ಇದರ ಪರಿಣಾಮ ದೊಡ್ಡದು. ಹಳೆಯ ಕಲ್ಲಿದ್ದಲು ಸ್ಥಾವರ ಮೂರು ಯೂನಿಟ್ ಶಾಖ ಸುಟ್ಟು ಒಂದು ಯೂನಿಟ್ ವಿದ್ಯುತ್ ಕೊಡುತ್ತದೆ. ಅದನ್ನು ಮುಚ್ಚಿ ಸೌರಫಲಕ ಹಾಕಿದರೆ, ಮೊದಲ ಪದ್ಧತಿಯ ಕೋಷ್ಟಕದಲ್ಲಿ ಮೂರಿದ್ದದ್ದು ಒಂದಾಗುತ್ತದೆ. ಮನೆಯ ಪ್ಲಗ್ಗಿಗೆ ಬರುವ ವಿದ್ಯುತ್ ಮಾತ್ರ ಅಷ್ಟೇ ಇರುತ್ತದೆ.