‘ಏನೋ, ಶುಗರ್ ಬಂತಾ?’

ಬೆಂಗಳೂರಿನ ಒಂದು ಕಂಪನಿಯ ಕ್ಯಾಂಟೀನಿಗೆ ನಾನು ಆಹಾರ ತಜ್ಞೆಯಾಗಿ ಹೋಗಿಬರುತ್ತೇನೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಆಗಿತ್ತಲ್ಲ, ಆಗ ಅಲ್ಲಿ ಹೊಸ ಕೌಂಟರ್ ಒಂದನ್ನು ತೆರೆದೆವು. ರಾಗಿ ಮುದ್ದೆ, ನವಣೆ ಬಿಸಿಬೇಳೆ ಬಾತ್, ಸಾಮೆ ಮೊಸರನ್ನ. ಮೇಲೆ ಹಸಿರು ಬೋರ್ಡ್: ‘ಆರೋಗ್ಯ ಊಟ’. ಬರೆಸಿದ್ದು ನಾನೇ. ಮಧ್ಯಾಹ್ನ ಎರಡೂವರೆಗೆ ಬಾತಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದರೆ ಒಂದು ಮೂಲೆಯಷ್ಟೇ ಖಾಲಿ. ಅನ್ನ ಸಾಂಬಾರಿನ ಕ್ಯೂ ಮಾತ್ರ ಎಂದಿನಷ್ಟೇ ಉದ್ದ.

ಜನಕ್ಕೆ ಗೊತ್ತಿಲ್ಲ, ತಿಳಿಸಿ ಹೇಳಬೇಕು ಅಂತ ನಮ್ಮಂಥವರು ಅಂದುಕೊಳ್ಳುತ್ತೇವೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಪಾಲಿಶ್ ಅಕ್ಕಿಯಲ್ಲಿ 10ರ ಆಸುಪಾಸು. ಭತ್ತಕ್ಕೆ ಗದ್ದೆ ತುಂಬ ನೀರು ನಿಲ್ಲಿಸಬೇಕು, ರಾಗಿ ಮಳೆ ನಂಬಿಕೊಂಡು ಬೆಳೆಯುತ್ತದೆ. ಸರಿ, ಆದರೆ ಕೋಲಾರ, ತುಮಕೂರು ಕಡೆಯ ಹುಡುಗರಿಗೆ ರಾಗಿ ಬಗ್ಗೆ ನಾನು ಪಾಠ ಮಾಡಬೇಕಾ?

ನಿಜವಾದ ಕಾರಣ ಹೇಳಿದ್ದು ಬಡಿಸುವವರು. “ಮೇಡಂ, ಇಲ್ಲಿಗೆ ಬಂದೋರನ್ನ ಜೊತೆಯವರು ‘ಏನೋ, ಶುಗರ್ ಬಂತಾ?’ ಅಂತ ಕೇಳ್ತಾರೆ.”

ತಟ್ಟೆಗೆ ಏನು ಹಾಕಿಸಿಕೊಳ್ಳುತ್ತೇವೆ ಅನ್ನುವುದನ್ನು ನಾಲಿಗೆ ಒಂದೇ ತೀರ್ಮಾನಿಸುವುದಿಲ್ಲ. ನಾಲ್ಕು ಜನ ನೋಡುತ್ತಿರುತ್ತಾರೆ. ನಮ್ಮ ಅಜ್ಜಿಯರ ಕಾಲದಲ್ಲಿ ಹಳೆ ಮೈಸೂರಿನ ಎಷ್ಟೋ ಮನೆಗಳಲ್ಲಿ ದಿನಾ ಮುದ್ದೆ, ಅನ್ನ ಹಬ್ಬಕ್ಕೆ ಇಲ್ಲವೇ ನೆಂಟರು ಬಂದರೆ. ಆ ಮೇಲು ಕೀಳಿನ ಲೆಕ್ಕ ಇನ್ನೂ ಪೂರ್ತಿ ಅಳಿಸಿಲ್ಲ. ಅದರ ಮೇಲೆ ನಾನು ‘ರೋಗಿಯ ಊಟ’ ಅನ್ನುವ ಚೀಟಿ ಬೇರೆ ಅಂಟಿಸಿದ್ದೆ.

ಇನ್ನೊಂದು ತೊಂದರೆ, ‘ಆರೋಗ್ಯ’ ಅಂದ ಕೂಡಲೇ ಸಪ್ಪೆ ಇರುತ್ತೆ ಅಂತ ಮನಸ್ಸು ಮೊದಲೇ ಅಂದುಕೊಂಡುಬಿಡುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಅಲ್ಲಿನ ಕೆಫೆಟೇರಿಯಾದಲ್ಲಿ ಇದನ್ನು ಪರೀಕ್ಷೆ ಮಾಡಿ 2017ರಲ್ಲಿ ಪ್ರಕಟಿಸಿದರು. ತರಕಾರಿಯನ್ನು ಮಾಡುವ ರೀತಿ ಬದಲಿಸಲಿಲ್ಲ, ಹೆಸರು ಮಾತ್ರ ಬದಲಿಸುತ್ತ ಹೋದರು. ಬಾಯಲ್ಲಿ ನೀರೂರುವ ಹೆಸರಿಟ್ಟ ದಿನ, ‘ಸಕ್ಕರೆ ಸೇರಿಸಿಲ್ಲ’ ಥರದ ಹೆಸರಿನ ದಿನಕ್ಕಿಂತ ಶೇ 41ರಷ್ಟು ಹೆಚ್ಚು ಜನ ಅದನ್ನು ಹಾಕಿಕೊಂಡರು.

ನಾವು ಹಸಿರು ಬೋರ್ಡ್ ಇಳಿಸಿದೆವು. ಮುದ್ದೆಯನ್ನು ಅನ್ನದ ಸಾಲಿಗೇ ತಂದು, ಅನ್ನಕ್ಕಿಂತ ಮುಂಚೆ ಇಟ್ಟೆವು. ಖಾಲಿ ತಟ್ಟೆ ಹಿಡಿದವರು ಮೊದಲು ಕಂಡಿದ್ದನ್ನು ಹಾಕಿಸಿಕೊಳ್ಳುತ್ತಾರೆ, ಕೊನೆಗೆ ಬರುವಷ್ಟರಲ್ಲಿ ತಟ್ಟೆಯಲ್ಲಿ ಜಾಗ ಎಲ್ಲಿರುತ್ತೆ? ಸ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ ಇಷ್ಟೇ ಬರೆದೆವು: ‘ಬಿಸಿ ಮುದ್ದೆ, ಹುರುಳಿಕಾಳು ಬಸ್ಸಾರು’. ಬಿಸಿಬೇಳೆ ಬಾತು ನವಣೆಯದು ಅನ್ನುವುದನ್ನು ಮುಚ್ಚಿಡಲಿಲ್ಲ, ಆದರೆ ತುಪ್ಪ, ಗೋಡಂಬಿಯ ಹೆಸರು ಅದಕ್ಕಿಂತ ಮುಂದೆ ಬಂತು. ಮುದ್ದೆಯ ಗಾತ್ರವನ್ನೂ ಅರ್ಧ ಮಾಡಿದೆವು. ಅಭ್ಯಾಸ ಇಲ್ಲದವರು ಅದನ್ನು ಅಗಿಯಲು ಹೋಗಿ, ಒದ್ದಾಡಿ, ಮುಕ್ಕಾಲು ಪಾಲು ಡಸ್ಟ್‌ಬಿನ್ನಿಗೆ ಹಾಕುತ್ತಿದ್ದರು. ‘ಅರ್ಧ ಕೊಡಿ’ ಅಂತ ಕೇಳಲು ಅವರಿಗೆ ಸಂಕೋಚ. ಈಗ ಬೇಕಾದವರು ಎರಡು ಹಾಕಿಸಿಕೊಳ್ಳುತ್ತಾರೆ.

ಬಸ್ಸಾರಿನ ದಿನ ಮುದ್ದೆ ಒಂದು ಗಂಟೆಗೆಲ್ಲ ಖಾಲಿ. ಸಾಮೆ ಮೊಸರನ್ನ ಮಾತ್ರ ಇವತ್ತಿಗೂ ಉಳಿಯುತ್ತಿದೆ. ತಣ್ಣಗಾದ ಮೇಲೆ ಗಟ್ಟಿಯಾಗಿಬಿಡುತ್ತದೆ. ಅದಕ್ಕೆ ಮನಶ್ಶಾಸ್ತ್ರ ಬೇಡ, ಇನ್ನೊಂದು ಲೋಟ ಹಾಲು ಬೇಕು.